ಮಗ್ಗಕ್ಕೆ ತೆರಿಗೆ ಇತ್ತು, ಸೂಜಿಗೆ ಇರಲಿಲ್ಲ

ತಂಗಿಗೆ ದಿನ ತುಂಬುತ್ತ ಬಂದಿವೆ. ಕೂಸಿಗೊಂದು, ಬಾಣಂತಿಗೊಂದು ಕೌದಿ ಆಗಬೇಕು ಅಂತ ಅವ್ವ ಈ ಬೇಸಿಗೆಯಲ್ಲಿ ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ಕೌದಿ ಇಳಿಸಿ ಬಿಚ್ಚಲು ಕೂತಳು. ಮೇಲಿನ ಪದರು ನನಗೂ ಗುರುತಿತ್ತು: ಅವ್ವನ ಇಳಕಲ್ ಸೀರೆ, ಅಪ್ಪನ ಪಟ್ಟಾಪಟ್ಟಿ ಅಂಗಿ, ನನ್ನ ಶಾಲೆಯ ನೀಲಿ ಚಡ್ಡಿ. ಅದನ್ನು ಬಿಚ್ಚಿದರೆ ಒಳಗೆ ಇಡೀ ಇನ್ನೊಂದು ಕೌದಿ. ಹರಿದ ಕೌದಿಯನ್ನು ಎಸೆಯದೆ ಹೊಸದರ ಹೊಟ್ಟೆಗೆ ಹಾಕಿ ಹೊಲಿಯುವುದು ನಮ್ಮ ಕಡೆ ರೂಢಿ. ಒಳಗಿನದರಲ್ಲಿ ಅಜ್ಜಿಯ ಗುಳೇದಗುಡ್ಡ ಖಣದ ಚೂರುಗಳು, ಅಜ್ಜನ ಧೋತರ, ಮಾಸಿದ ಒಂದು ರುಮಾಲು. ಅವ್ವ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತ ಹೋದಳು. ಅದರೊಳಗೂ ಮತ್ತೊಂದು ತೆಳ್ಳನೆಯ ಪದರು ಇತ್ತು, ಗೋಣಿಯಷ್ಟು ಒರಟಾದ ಬಿಳಿ ಬಟ್ಟೆ. ಅದು ಯಾರದೆಂದು ಅವ್ವನಿಗೂ ಗೊತ್ತಾಗಲಿಲ್ಲ.

ಪತ್ರಿಕೋದ್ಯಮ ಓದುವಾಗ ಊರಿನ ಚರಿತ್ರೆ ಬರೆಯಲು ದಾಖಲೆ ಹುಡುಕಿ ಅಂತ ಹೇಳಿಕೊಟ್ಟಿದ್ದರು. ಕೌದಿಗೆ ದಾಖಲೆ ಎಲ್ಲಿ? ನೇಕಾರರ ಬಗ್ಗೆ ಬೇಕಾದಷ್ಟಿದೆ. ಕನ್ನಡ ಶಾಸನಗಳಲ್ಲಿ ಮಗ್ಗದೆರೆ, ಅಂದರೆ ಮಗ್ಗದ ಮೇಲಿನ ತೆರಿಗೆ, ಮತ್ತೆ ಮತ್ತೆ ಬರುತ್ತದೆ. ಕುರುಬರು ನೇಯ್ದ ಕಂಬಳಿ ಸಂತೆಗೆ ಹೋಗುತ್ತಿತ್ತು, ಅದಕ್ಕೊಂದು ಬೆಲೆ ಇತ್ತು, ಬೆಲೆ ಇದ್ದಲ್ಲಿ ಲೆಕ್ಕ ಇತ್ತು. ಕೌದಿ ಸಂತೆಗೆ ಹೋಗಲೇ ಇಲ್ಲ. ಉಟ್ಟು ಹಳತಾದ ಬಟ್ಟೆ ಮನೆಯಲ್ಲೇ ಸೇರಿ, ಮನೆಯಲ್ಲೇ ಹೊಲಿದು, ಮನೆಯವರೇ ಹೊದ್ದು ಹರಿಯುವ ವಸ್ತು ಅದು. ಯಾವ ಸುಂಕದವನೂ ಅದನ್ನು ಎಣಿಸಲಿಲ್ಲ. ಮರಾಠಿಯಲ್ಲಿ ಗೋಧಡಿ, ತೆಲುಗಿನಲ್ಲಿ ಬೊಂತ, ಬಂಗಾಳಿಯಲ್ಲಿ ಕಾಂಥಾ ಅಂತ ದೇಶದ ತುಂಬ ಹೆಸರಿರುವ ಈ ಹೊದಿಕೆಯ ಹಳೆಯ ಚರಿತ್ರೆ ಬರೆಯುವುದು ಕಷ್ಟವಾಗಿರುವುದು ಇದಕ್ಕೇ ಅಂತ ನನಗನಿಸುತ್ತದೆ. ಜೊತೆಗೆ ಹತ್ತಿಬಟ್ಟೆ ಮಣ್ಣಾಗುವುದೂ ಬೇಗ.

ಎಲ್ಲ ಕೌದಿಗಳನ್ನೂ ಮನೆಯ ಹೆಂಗಸರೇ ಹೊಲಿದರು ಅನ್ನುವುದೂ ಪೂರ್ತಿ ನಿಜವಲ್ಲ. ಸುಗ್ಗಿ ಮುಗಿದ ಮೇಲೆ ಗೋಂದಳಿ ಮುಂತಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರಿಗೆ ಬರುತ್ತಿದ್ದರು. ಗಂಡಸರು ರಾತ್ರಿ ಅಂಬಾಭವಾನಿಯ ಗೋಂದಲ ಹಾಡಿದರೆ, ಇವರು ಹಗಲು ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ಕೂಲಿ ಜೋಳದ ರೂಪದಲ್ಲಿ, ಮಧ್ಯಾಹ್ನದ ಊಟ ಬೇರೆ. ಕೆಲಸ ಗೇಣಿನ ಲೆಕ್ಕದಲ್ಲಿ ಮುಂದುವರಿಯುತ್ತದೆ. ಬಟ್ಟೆಗಳನ್ನು ಒಗೆದು, ಬಿಸಿಲಿಗೆ ಗರಿಗರಿ ಒಣಗಿಸಿ, ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅಂಚಿನಿಂದ ಸಾಲು ಹಿಡಿಯಬೇಕು. ಅಕ್ಕಿಕಾಳಿನಷ್ಟು ಹೊಲಿಗೆ, ಸಾಲಿಗೂ ಸಾಲಿಗೂ ಬೆರಳಿನ ಅಂತರ. ನಾಲ್ಕೈದು ಪದರು ದಾಟುವಾಗ ಸೂಜಿ ಮುರಿಯುತ್ತದೆ, ಬೆರಳ ತುದಿ ಜಡ್ಡುಗಟ್ಟುತ್ತದೆ. ಕೊನೆಯ ಮೂಲೆ ಮುಚ್ಚುವ ಮೊದಲು ನಮ್ಮಜ್ಜಿ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಒಳಗಿಟ್ಟು ಹೊಲಿಸುತ್ತಿದ್ದಳು. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಅನ್ನುವುದು ಅವಳ ಮಾತು. ಇಲಿಗೆ ಇದರಿಂದ ಅನುಕೂಲವಾಯಿತು ಅನ್ನುವುದು ಅಪ್ಪನ ಮಾತು.

ಆ ಒರಟು ಬಿಳಿ ಬಟ್ಟೆಗೆ ಬರುತ್ತೇನೆ. ಅಜ್ಜಿ ಮದುವೆಯಾಗಿ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಆಗ ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಗಿರಣಿಗಳು ಸೈನ್ಯಕ್ಕೆ ನೇಯುತ್ತಿದ್ದವು, ಜಪಾನಿನಿಂದ ಬರುತ್ತಿದ್ದ ಅಗ್ಗದ ಬಟ್ಟೆ ನಿಂತಿತ್ತು, ಬೆಲೆ ಗಗನಕ್ಕೇರಿತ್ತು. 1943ರಲ್ಲಿ ಸರ್ಕಾರ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣ ಆದೇಶ ತಂದಿತು. ಬಡವರಿಗೆಂದು ಒರಟಾದ ‘ಸ್ಟ್ಯಾಂಡರ್ಡ್’ ಬಟ್ಟೆ ಬಂತು. ಹಳ್ಳಿಗಳಲ್ಲಿ ಹಿರಿಯರು ಕಂಟ್ರೋಲ್ ಬಟ್ಟೆ ಅನ್ನುತ್ತಿದ್ದುದು ಇಂಥದ್ದಕ್ಕೇ. ಒಂದೇ ಸೀರೆಯನ್ನು ಅತ್ತೆ ಸೊಸೆ ಸರದಿಯ ಮೇಲೆ ಉಟ್ಟು ಹೊರಬಿದ್ದ ಕಥೆಯನ್ನು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು. ಅಂಥ ಹೊತ್ತಿನಲ್ಲಿ ಕೌದಿಗೆ ಹಾಕುವಷ್ಟು ಬಟ್ಟೆ ಉಳಿದದ್ದೇ ದೊಡ್ಡದು. ಒಳಪದರು ಯಾಕೆ ಅಷ್ಟು ತೆಳ್ಳಗಿದೆ ಅಂತ ನನಗೆ ಆಗ ಅರ್ಥವಾಯಿತು. ಆ ತುಂಡು ಕಂಟ್ರೋಲ್ ಬಟ್ಟೆಯೇ ಅಂತ ಆಣೆ ಮಾಡಿ ಹೇಳಲಾರೆ, ಅವ್ವನಿಗೆ ಮಾತ್ರ ಅನುಮಾನವೇ ಇಲ್ಲ.

ನಂತರ ಟೆರಿಲಿನ್, ನೈಲಾನ್, ಪಾಲಿಯೆಸ್ಟರ್ ಬಂದವು. ಒಗೆದರೆ ಬೇಗ ಒಣಗುತ್ತವೆ, ಬೇಗ ಹರಿಯುವುದಿಲ್ಲ ಅಂತ ಹೆಂಗಸರು ಅವನ್ನು ಮೆಚ್ಚಿಕೊಂಡರು, ತಪ್ಪೇನಿಲ್ಲ. ಕೌದಿಗೆ ಮಾತ್ರ ಅವು ಒಗ್ಗಲಿಲ್ಲ. ಪದರು ಜಾರುತ್ತದೆ, ಬೆವರು ಹೀರುವುದಿಲ್ಲ, ಒಲೆಯ ಕಿಡಿ ಬಿದ್ದರೆ ಕರಗಿ ಅಂಟುತ್ತದೆ. ಹರಿಯದ ಸೀರೆ ಬಂದ ಮೇಲೆ ಹರಿದ ಸೀರೆಯ ಕಲೆ ಸೊರಗಿತು.

ಘಟ್ಟದ ಅಂಚಿನಲ್ಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿಗಳ ನಡುವೆ, ಇದೇ ಹೊದಿಕೆಗೆ ಬೇರೆಯದೇ ಚರಿತ್ರೆ ಇದೆ. ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕಾದ ಗುಲಾಮರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರು ಇವರ ಹಿರಿಯರಲ್ಲಿದ್ದರು. ಇವರ ಕವಂದಿ ಒಂದು ಮೂಲೆಯಿಂದ ಶುರುವಾಗಿ ಅಂಚಿನ ಸುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ಮೂಲೆಗಳಿಗೆ ಮಡಿಚಿದ ಚಿಕ್ಕ ತುಂಡುಗಳ ‘ಫುಲ’, ಅಂದರೆ ಹೂವು, ಹಚ್ಚುತ್ತಾರೆ. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸೂಜಿಗೆ ಕಡೆಗೂ ಬೆಲೆ ಬಂತು, ಹೊಲಿದವರ ಹೆಸರೂ ಬಂತು. ಮಾರಾಟಕ್ಕೆ ಹೊರಟ ಹೊದಿಕೆ ಮಂಚದ ಅಳತೆ ಕೇಳುತ್ತದೆ, ಮನೆಯದು ಎಷ್ಟು ಮಕ್ಕಳು ಒಟ್ಟಿಗೆ ಮಲಗುತ್ತಾರೆ ಅನ್ನುವ ಅಳತೆ ಕೇಳುತ್ತಿತ್ತು. ಹಾಗಂತ ಮಾರಬಾರದು ಅನ್ನುವವರ ಜೊತೆ ನಾನಿಲ್ಲ. ಒಂದು ದೊಡ್ಡ ಕೌದಿಗೆ ವಾರಗಟ್ಟಲೆ ಬೆನ್ನು ಬಾಗಿಸಬೇಕು. ಪ್ರೀತಿಯಿಂದ ಮಾಡಿದ್ದು ಅನ್ನುವ ಮಾತಿನಡಿ ಆ ಕೂಲಿ ಬಹಳ ಕಾಲ ಮುಚ್ಚಿಹೋಗಿತ್ತು.

ದಾನದ ಹೊದಿಕೆಯ ಕಥೆಯನ್ನೂ ಹೇಳಬೇಕು. 2009ರ ಸೆಪ್ಟೆಂಬರ್ ಕೊನೆಗೆ ಸುರಿದ ಮಳೆಗೆ ಮಲಪ್ರಭಾ ದಂಡೆಯ ನಮ್ಮೂರಿಗೆ ನೀರು ನುಗ್ಗಿತು. ನೆಂದ ಕೌದಿ ಎಷ್ಟು ಭಾರ ಅನ್ನುವುದು ಎತ್ತಿದವರಿಗೇ ಗೊತ್ತು. ಇಬ್ಬರು ಹಿಡಿದರೂ ಏಳುವುದಿಲ್ಲ. ಒಣಗಿಸಲು ಬಿಸಿಲೂ ಇರಲಿಲ್ಲ. ಕೊಳೆತು ನಾತ ಹೊಡೆಯತೊಡಗಿದ ಮೇಲೆ ಮನೆಮನೆಯವರೂ ಅವನ್ನು ಹೊರಗೆ ರಾಶಿ ಹಾಕಿದರು. ನಮ್ಮದು ಅಟ್ಟದ ಮೇಲಿದ್ದುದಕ್ಕೆ ಒಂದು ಉಳಿಯಿತು. ಪರಿಹಾರದ ಲಾರಿಯಲ್ಲಿ ಕುಟುಂಬಕ್ಕೊಂದರಂತೆ ಬೂದು ಬಣ್ಣದ ಕಂಬಳಿ ಬಂದವು, ಚುಚ್ಚುವಂಥವು. ಇಂಥ ಅಗ್ಗದ ಕಂಬಳಿಗಳ ದೊಡ್ಡ ಕೇಂದ್ರ ಹರಿಯಾಣದ ಪಾಣಿಪತ್ ಅಂತ ಆಮೇಲೆ ಓದಿದೆ. ಪಶ್ಚಿಮದ ದೇಶಗಳವರು ಉಟ್ಟು ಬಿಟ್ಟ ಉಣ್ಣೆಯ ಬಟ್ಟೆ ಅಲ್ಲಿಗೆ ಮೂಟೆಗಟ್ಟಲೆ ಬರುತ್ತದೆ. ಹೆಂಗಸರು ಕೂತು ಗುಂಡಿ, ಜಿಪ್ ಕಿತ್ತು ಚೂರು ಮಾಡುತ್ತಾರೆ, ಯಂತ್ರ ಅದನ್ನು ಎಳೆಎಳೆಯಾಗಿ ಹರಿದು ಮತ್ತೆ ನೂಲುತ್ತದೆ. ಜಗತ್ತಿನ ಎಷ್ಟೋ ನೆರೆ, ಭೂಕಂಪಗಳ ಸಂತ್ರಸ್ತರು ಹೊದ್ದದ್ದು ಈ ಕಂಬಳಿಯನ್ನೇ. ಅದೂ ಹಳೆಬಟ್ಟೆಯ ಹೊದಿಕೆಯೇ ಆಯಿತಲ್ಲ! ಆದರೆ ಅದನ್ನು ಬಿಚ್ಚಿ ಇದು ಇಂಥವರದು ಅಂತ ಹೇಳಲು ಬರುವುದಿಲ್ಲ. ಅವ್ವ ಆ ಕಂಬಳಿಯನ್ನೂ ಎಸೆದಿಲ್ಲ. ಎರಡು ಚಳಿಗಾಲ ಹೊದ್ದು, ಆಮೇಲೆ ಎಮ್ಮೆಕರುವಿಗೆ ಹಾಕಿ, ಈಗ ತೊಳೆದು ಇಟ್ಟಿದ್ದಾಳೆ.

ಇವತ್ತಿಗೆ ಕೂಸಿನ ಕೌದಿ ಮುಗಿದಿದೆ. ಅಜ್ಜಿಯ ಖಣ ಮೇಲೆ ಬಂದಿದೆ, ಒರಟು ಬಿಳಿ ಬಟ್ಟೆ ಮೊದಲಿನ ಹಾಗೇ ಒಳಗೆ ಹೋಗಿದೆ. ಬಾಣಂತಿಯದು ಅರ್ಧಕ್ಕೆ ನಿಂತಿದೆ, ದಿನಕ್ಕೆ ಒಂದು ಗೇಣು ಸಾಗಿದರೆ ಹೆಚ್ಚು, ಅವ್ವನ ಕಣ್ಣೂ ಮೊದಲಿನಂತಿಲ್ಲ. ಪರಿಹಾರದ ಕಂಬಳಿಯನ್ನು ಇದರ ನಡುಪದರಿಗೆ ಹಾಕಲೋ ಬೇಡವೋ ಅನ್ನುವ ಚರ್ಚೆ ನಡೆದಿದೆ. ಚುಚ್ಚುತ್ತದೆ ಅಂತ ತಂಗಿ, ಒಳಗಿದ್ದರೆ ಏನು ಚುಚ್ಚೀತು ಅಂತ ಅವ್ವ. ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ನನ್ನದು.