ಹಿತ್ತಿಲ ಕಾಯಿಪಲ್ಲೆಯ ಕೀಟಬಾಧೆ: ವೃಕ್ಷಾಯುರ್ವೇದದ ಯೋಗಗಳು ಮತ್ತು ದ್ರವ್ಯನಾಮಗಳ ನಿರ್ಣಯ

ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ಗಿಡಮರಗಳ ಆರೈಕೆಗೆ ಪ್ರತ್ಯೇಕ ಸ್ಥಾನವಿದ್ದಿತೆಂಬುದಕ್ಕೆ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವೇ ಸಾಕ್ಷಿ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ, ಕ್ರಿ.ಶ. 1025ರ ಸುಮಾರಿಗೆ ರಚಿತವಾದ ಈ ಹನ್ನೆರಡು ಅಧ್ಯಾಯಗಳ ಗ್ರಂಥದಲ್ಲಿ ಜ್ಯೋತಿಷ, ವಾಸ್ತು, ಉದಕಾರ್ಗಳ, ವೈದ್ಯ, ಸೂಪಶಾಸ್ತ್ರಗಳ ಜೊತೆಗೆ ವೃಕ್ಷಾಯುರ್ವೇದವೂ ಸೇರಿದೆ. ಎಚ್. ಶೇಷ ಅಯ್ಯಂಗಾರ್ಯರು ಸಂಪಾದಿಸಿದ ಇದರ ಮುದ್ರಿತ ಪಾಠವು 1950ರಲ್ಲಿ ಮದರಾಸಿನಿಂದ ಹೊರಬಂದಿತು. 2006ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾಯಿತು.

ಈ ಶಾಸ್ತ್ರವು ಬೆಳೆದ ಚಾಲುಕ್ಯ ರಾಜ್ಯದ ಒಳನಾಡಿನಲ್ಲಿಯೇ ಇಂದಿನ ಕೊಪ್ಪಳ ಜಿಲ್ಲೆಯಿದೆ. ಯಲಬುರ್ಗಾ ಸೀಮೆಯ ಮಂಗಳೂರು, ಕುಕನೂರು, 1112ರ ಮಹಾದೇವ ದೇವಾಲಯವಿರುವ ಇಟಗಿ, ಇವೆಲ್ಲ ಆ ನೆಲಕ್ಕೆ ಸೇರಿದವು. ಕೊಪಣವಾದರೋ ‘ಕವಿರಾಜಮಾರ್ಗ’ವು ಹೇಳುವ ತಿರುಳ್ಗನ್ನಡದ ನಾಲ್ಕು ಸ್ಥಳಗಳಲ್ಲೊಂದು. ಆ ಕಾಲದ ದಾನಶಾಸನಗಳಲ್ಲಿ ಹೊಲಗದ್ದೆಗಳೊಡನೆ ತೋಂಟ, ಪೂದೋಂಟಗಳ ಉಲ್ಲೇಖವೂ ಬರುತ್ತದೆ. ತೋಟವಿದ್ದೆಡೆ ಹುಳುವಿನ ಬಾಧೆಯೂ ತಪ್ಪದು.

ಬಾಧೆಯ ಪರಿಹಾರವನ್ನು ವಿವರವಾಗಿ ತಿಳಿಸುವ ಗ್ರಂಥವು ಸುಮಾರು ಅದೇ ಕಾಲದ ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದ್ದ ಇದರ ಹಸ್ತಪ್ರತಿಯ ಆಧಾರದಿಂದ ನಳಿನಿ ಸಾಧಲೆಯವರ ಅನುವಾದವು 1996ರಲ್ಲಿ ಪ್ರಕಟವಾಯಿತು. ಕೀಟಗಳು ತಿಂದ ಬಳ್ಳಿಗೆ ಹಿಂಡಿ ಕಲಸಿದ ನೀರನ್ನು ಚಿಮುಕಿಸಬೇಕು. ಎಲೆಯ ಹುಳುಗಳಿಗೆ ಬೂದಿಯನ್ನೂ ಇಟ್ಟಿಗೆಯ ಪುಡಿಯನ್ನೂ ಉದುರಿಸಬೇಕು. ಬಿಳಿ ಸಾಸಿವೆ, ಇಂಗು, ವಾಯುವಿಳಂಗ, ಬಜೆ, ಮೆಣಸು ಮೊದಲಾದವುಗಳ ಹೊಗೆ ಹಾಕಬೇಕು. ಹುಳು ಮಾಡಿದ ಗಾಯಕ್ಕೆ ವಾಯುವಿಳಂಗ, ಎಳ್ಳು, ಗೋಮೂತ್ರ, ತುಪ್ಪ, ಸಾಸಿವೆಗಳ ಲೇಪವನ್ನು ಹಚ್ಚಿ ಹಾಲು ಚಿಮುಕಿಸಬೇಕು ಎಂಬುವು ಅಲ್ಲಿಯ ಮುಖ್ಯ ಯೋಗಗಳು. ಧೂಪಯೋಗದಲ್ಲಿ ಮಾಂಸ, ಕೋಡು ಮೊದಲಾದ ಪ್ರಾಣಿಜ ದ್ರವ್ಯಗಳೂ ಸೇರಿವೆ. ಆದರೆ ಹಿಂಡಿ, ಬೂದಿ, ಇಟ್ಟಿಗೆಪುಡಿಗಳ ಯೋಗಗಳಿಗೆ ಅವುಗಳ ಅಗತ್ಯವೇ ಇಲ್ಲ. ಔಷಧದಲ್ಲಿ ಮಾಂಸವನ್ನು ನಿರಾಕರಿಸಿದ ಉಗ್ರಾದಿತ್ಯನ ‘ಕಲ್ಯಾಣಕಾರಕ’ವನ್ನು ಬಲ್ಲ ಓದುಗರಿಗೆ ಈ ವ್ಯತ್ಯಾಸವು ಗಮನಾರ್ಹ.

ಈ ಉಪಾಯಗಳನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ನುಣ್ಣನೆಯ ಒಣ ಪುಡಿಯು ಮೃದುದೇಹದ ಕೀಟಗಳ ಮೈಮೇಲಿನ ಮೇಣದ ಪದರನ್ನು ಕೆಡಿಸುತ್ತದೆ. ಮೈಯ ತೇವ ಆರಿ ಅವು ಸಾಯುತ್ತವೆ. ಮಳೆ ಬಂದರೆ ಪುಡಿ ತೊಳೆದುಹೋಗುವುದರಿಂದ ಮತ್ತೆ ಉದುರಿಸಬೇಕಾಗುತ್ತದೆ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು 1968ರಲ್ಲಿ ಬೇರ್ಪಡಿಸಲಾಯಿತು. ಅದು ಕಂಬಳಿಹುಳುವಿಗೆ ಎಲೆಯನ್ನು ಅರುಚಿಯಾಗಿಸಿ, ಅದರ ಪೊರೆಬಿಡುವ ಕ್ರಿಯೆಯನ್ನು ತಡೆಯುತ್ತದೆ. ತಾಳೆಗರಿಗಳ ಕಟ್ಟಿನ ನಡುವೆ ಬೇವಿನ ಎಲೆ, ಬಜೆಯ ಬೇರುಗಳನ್ನು ಇರಿಸುವ ಭಂಡಾರಗಳ ರೂಢಿಯೂ ಇದೇ ಅನುಭವದ ಇನ್ನೊಂದು ಮುಖ. ಗಿಡವನ್ನು ಕಾಯುವ ಉಪಾಯವನ್ನು ಹೇಳುವ ಗರಿಗೂ ಅಂಥದೇ ಸಸ್ಯಗಳು ಕಾವಲಾದವು.

ಗ್ರಂಥಸಂಪಾದಕರಿಗೆ ಇಲ್ಲಿ ಎದುರಾಗುವ ನಿಜವಾದ ತೊಡಕು ದ್ರವ್ಯನಾಮಗಳದು. ಸುರಪಾಲನ ಧೂಪಯೋಗದಲ್ಲಿ ಬರುವ ಭಲ್ಲಾತಕಕ್ಕೆ ಕನ್ನಡದಲ್ಲಿ ಕೇರು, ಗೇರು ಎಂಬ ಹೆಸರುಗಳಿವೆ. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕಾಯಿ ಇದೇ. ಕರಾವಳಿಯ ಮಂಗಳೂರಿನಲ್ಲಾದರೋ ‘ಗೇರು’ ಎಂದರೆ ಗೋಡಂಬಿಯ ಮರ. ಗೋಡಂಬಿಯು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಈ ನಾಡಿಗೆ ಬಂದುದು. 11ನೆಯ ಶತಮಾನದ ಗ್ರಂಥದಲ್ಲಿ ಅದು ಇರಲು ಸಾಧ್ಯವಿಲ್ಲ. ಹೀಗೆ ಒಂದೇ ಹೆಸರಿನ ಎರಡು ಊರುಗಳಿರುವಂತೆ ಒಂದೇ ಹೆಸರಿನ ಎರಡು ಮರಗಳೂ ಇವೆ. ಭಲ್ಲಾತಕದ ಎಣ್ಣೆಯು ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಅದರ ಹೊಗೆಯೂ ಅಪಾಯಕಾರಿ. ಹೆಸರನ್ನು ತಪ್ಪಾಗಿ ಓದಿದುದರ ಫಲವು ಕೈತೋಟದಲ್ಲಿ ದುಡಿಯುವವರ ಕೈಗೇ ತಟ್ಟುತ್ತದೆ.

‘ಮೆಣಸು’ ಎಂಬ ಮಾತೂ ಇಂಥದೇ. ಹಳೆಯ ಗ್ರಂಥಗಳಲ್ಲಿ ಅದು ಕರಿಮೆಣಸು. ಮೆಣಸಿನಕಾಯಿಯು ಅಮೆರಿಕ ಖಂಡದಿಂದ ಬಂದ ಬೆಳೆ. ಆದುದರಿಂದ ಇಂದು ಪ್ರಚಾರದಲ್ಲಿರುವ ಮೆಣಸಿನಕಾಯಿ-ಬೆಳ್ಳುಳ್ಳಿ ಕಷಾಯವು ಉಪಯುಕ್ತವಾದರೂ ಅದನ್ನು ಚಾಲುಕ್ಯರ ಕಾಲಕ್ಕೆ ಒಯ್ಯಲಾಗದು.

ಬೆಳೆಯೊಂದಿಗೆ ಕೀಟವೂ ಬದಲಾಗಿದೆ. ಬದನೆ, ಅವರೆ, ಹೀರೆಗಳು ಹಳೆಯ ಹಿತ್ತಿಲಿನವು, ಟೊಮೆಟೊ ಹೊಸದು. ದಕ್ಷಿಣ ಅಮೆರಿಕದ ಎಲೆಸುರಂಗದ ಪತಂಗವು ಭಾರತದ ಟೊಮೆಟೊದಲ್ಲಿ ಕಾಣಿಸಿಕೊಂಡುದು 2014ರಲ್ಲಿ. ಇಂಥದಕ್ಕೆ ಹಳೆಯ ಓಲೆಯಲ್ಲಿ ಮದ್ದನ್ನು ಹುಡುಕುವುದು ವ್ಯರ್ಥ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಟೊಮೆಟೊದ ಕಾಯಿಕೊರಕಕ್ಕೆ 16 ಸಾಲಿಗೆ ಒಂದು ಸಾಲು ಚೆಂಡುಹೂವನ್ನೂ, ಎಲೆಕೋಸಿನ ಪತಂಗಕ್ಕೆ ಸಾಸಿವೆಯ ಸಾಲುಗಳನ್ನೂ ಸೂಚಿಸಿದೆ. ಪತಂಗವು ಆ ಗಿಡಗಳತ್ತ ಸೆಳೆಯಲ್ಪಟ್ಟು ಅಲ್ಲಿ ಮೊಟ್ಟೆಯಿಡುವುದರಿಂದ ಮುಖ್ಯ ಬೆಳೆಗೆ ಬಾಧೆ ಕಡಿಮೆಯಾಗುತ್ತದೆ.

ಒಟ್ಟಿನಲ್ಲಿ ವೃಕ್ಷಾಯುರ್ವೇದವು ಗಿಡವನ್ನು ರೋಗಿಯಂತೆ ಕಂಡು ಉಪಚರಿಸಿದ ಶಾಸ್ತ್ರ. ಸೋಮೇಶ್ವರನ ‘ಮಾನಸೋಲ್ಲಾಸ’ (1129), ಕೆಳದಿ ಬಸವರಾಜನ ‘ಶಿವತತ್ತ್ವರತ್ನಾಕರ’ (1709) ಇವುಗಳಲ್ಲಿಯೂ ಈ ಪರಂಪರೆಯ ಮುಂದುವರಿಕೆಯಿದೆ. ಇಂಥ ಗ್ರಂಥಗಳ ಪಾಠನಿರ್ಣಯವು ಓಲೆಯ ಅಕ್ಷರದಲ್ಲಿಯೇ ಮುಗಿಯುವುದಿಲ್ಲ. ಆಯಾ ಸೀಮೆಯಲ್ಲಿ ಗಿಡಗಳಿಗಿರುವ ಹೆಸರುಗಳನ್ನು ಸಂಗ್ರಹಿಸಿ, ಸಸ್ಯಶಾಸ್ತ್ರೀಯ ನಾಮದೊಡನೆ ಕೂಡಿಸಿ, ಬೆಳೆಯು ಬಂದ ಕಾಲವನ್ನು ಪರಿಶೀಲಿಸಿದ ಮೇಲೆಯೇ ಯೋಗದ ಅರ್ಥವನ್ನು ಹೇಳುವುದು ಯುಕ್ತ.