ಲೆಕ್ಕ ಮೈನಸ್ ಬಂದಾಗ: ಗುಂಡಗುರ್ತಿಯ ತೊಗರಿ, ಹಡಗಲಿಯ ರಾವ್ ಮತ್ತು ಒಂದು ಎಚ್ಚರಿಕೆ

ಇವತ್ತಿನ ಇತಿಹಾಸದ ಕಥೆ ಶುರುವಾಗೋದು ಚಿತ್ತಾಪುರ ತಾಲೂಕಿನ ಗುಂಡಗುರ್ತಿಯಲ್ಲಿ, ನನ್ನ ಹಳೇ ಲ್ಯಾಪ್‌ಟಾಪ್ ಮುಂದೆ.

ಹೋದ ಸುಗ್ಗಿಯಲ್ಲಿ ಪರಿಚಯದ ರೈತರ ಹತ್ರ ಎಕರೆಗೆ ಎಷ್ಟು ತೊಗರಿ ಬಂತು ಅಂತ ಕೇಳಿ ಬರ್ಕೊಂಡಿದ್ದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಹೀಗೆ ಐದು ಕಡೆ, ಒಂದೊಂದು ಕಡೆ ಆರು ಹೊಲ. ಗುಂಡಗುರ್ತಿ ಹೊಲಗಳು ಚಿತ್ತಾಪುರದ ಲೆಕ್ಕಕ್ಕೆ. ನನ್ನ ಪ್ರಶ್ನೆ ಇಷ್ಟೇ: ಇಳುವರಿಯ ಏರುಪೇರಿನಲ್ಲಿ ಊರಿನ ಪಾಲೆಷ್ಟು, ಹೊಲದ ಪಾಲೆಷ್ಟು? ಇಂಥ ಪ್ರಶ್ನೆಗೆ ಇರೋದು ಬಹುಹಂತದ ಮಾದರಿ, ಅಂದ್ರೆ ಮಲ್ಟಿಲೆವೆಲ್ ಮಾಡೆಲ್. ಆರ್ ಭಾಷೆಯಲ್ಲಿ ಓಡಿಸಿದೆ. ಒಂದು ಎಚ್ಚರಿಕೆ ಬಂತು: ‘ಸಿಂಗ್ಯುಲರ್ ಫಿಟ್’. ಊರಿನ ಪಾಲು 0.

ಅಂದ್ರೆ ಚಿಂಚೋಳಿಯೂ ಒಂದೇ, ಗುಂಡಗುರ್ತಿಯೂ ಒಂದೇ? ಪಕ್ಕದಲ್ಲಿ ಕೂತಿದ್ದ ಅಜ್ಜ ನಕ್ಕುಬಿಟ್ರು. ‘ಮಳಿ ಎಲ್ಲಾ ಕಡಿ ಒಂದೇ ಸಮ ಬೀಳ್ತದೇನೋ ತಮ್ಮಾ?’

ಈ ಸೊನ್ನೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದರೆ ನೂರಕ್ಕೂ ಹೆಚ್ಚು ವರ್ಷ ಹಿಂದೆ ಹೋಗ್ಬೇಕಾಗುತ್ತೆ. 1861ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಒಂದು ವಿಷಯ ಗಮನಿಸಿದ್ದ. ಪ್ರತಿ ಅಳತೆಗೂ ಅದರದೇ ತಪ್ಪಿರುತ್ತೆ. ಅದರ ಜೊತೆಗೆ, ಆ ರಾತ್ರಿಯ ಎಲ್ಲ ಅಳತೆಗಳಿಗೂ ಸೇರಿ ಇನ್ನೊಂದು ತಪ್ಪಿರುತ್ತೆ. ರಾತ್ರಿಯ ಜಾಗದಲ್ಲಿ ಊರು ಇಡಿ, ಅದೇ ನನ್ನ ಮಾದರಿ. 1953ರಲ್ಲಿ ಅಮೆರಿಕದ ಚಾರ್ಲ್ಸ್ ಹೆಂಡರ್‌ಸನ್ ಹಸುಗಳ ಹಾಲಿನ ಲೆಕ್ಕಕ್ಕಾಗಿ ಈ ಪಾಲುಗಳನ್ನು ಬಿಡಿಸುವ ವಿಧಾನಗಳನ್ನು ಬರೆದರು. ಹಾಲು ಜಾಸ್ತಿ ಬಂದದ್ದು ತಳಿಯಿಂದಲೋ, ಕೊಟ್ಟಿಗೆಯಿಂದಲೋ?

ಇಲ್ಲೇ ತೊಡಕು. ಒಂದು ಸಣ್ಣ ಲೆಕ್ಕ ಮಾಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಒಂದೇ ಊರಿನ ಹೊಲಗಳ ನಡುವಿನ ವೇರಿಯನ್ಸ್ 4 ಅನ್ನಿ. ಊರಿಗೆ ಆರು ಹೊಲ ಇದ್ರೆ, ಊರುಗಳ ನಡುವೆ ನಿಜವಾದ ವ್ಯತ್ಯಾಸ ಏನೂ ಇಲ್ಲದಿದ್ರೂ ಸರಾಸರಿಗಳು 4 ಭಾಗಿಸು 6, ಅಂದ್ರೆ ಸುಮಾರು 0.67ರಷ್ಟು ಏರುಪೇರಾಗ್ತವೆ. ಈಗ ನಮ್ಮ ಐದು ಸರಾಸರಿಗಳ ವೇರಿಯನ್ಸ್ 0.5 ಬಂತು ಅನ್ಕೊಳ್ಳಿ. ಊರಿನ ಪಾಲು ಎಷ್ಟು? 0.5 ಕಳೆ 0.67. ಮೈನಸ್ 0.17!

ವೇರಿಯನ್ಸ್ ಮೈನಸ್ ಆಗೋಕೆ ಸಾಧ್ಯವೇ ಇಲ್ಲ. ಆದ್ರೆ ಕಾಗದದ ಮೇಲೆ ಆಗ್ತಿತ್ತು, ಆ ಕಾಲದವರು ತಲೆ ಕೆಡಿಸ್ಕೊಂಡಿದ್ರು. ಈ ಕಾಳಗಕ್ಕೆ ಇಳಿದವರಲ್ಲಿ ಒಬ್ಬರು ನಮ್ಮ ಹೂವಿನ ಹಡಗಲಿಯಲ್ಲೇ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್. 1970ರ ಆಸುಪಾಸಿನಲ್ಲಿ ಅವರು ‘ಮಿಂಕ್ವೆ’ ಅನ್ನೋ ವಿಧಾನ ಕೊಟ್ಟರು. 1971ರಲ್ಲಿ ಪ್ಯಾಟರ್‌ಸನ್ ಮತ್ತು ಥಾಂಪ್ಸನ್ ಇನ್ನೊಂದು ದಾರಿಯಿಂದ ಬಂದು, ಇವತ್ತು ‘ರೆಮಲ್’ ಅಂತ ಕರೆಯೋ ವಿಧಾನ ಕೊಟ್ಟರು. ರಾವ್ ಅವರ ಲೆಕ್ಕವನ್ನು ಮತ್ತೆ ಮತ್ತೆ ತಿರುಗಿಸಿದ್ರೆ ಸಿಗೋದು ಅದೇ ರೆಮಲ್ ಸಮೀಕರಣ. ಆದ್ರೂ ಮೈನಸ್ಸಿನ ಕಾಟ ಪೂರ್ತಿ ಹೋಗ್ಲಿಲ್ಲ. ಇವತ್ತಿನ ಸಾಫ್ಟ್‌ವೇರ್ ಸೊನ್ನೆಯ ಕೆಳಗೆ ಇಳಿಯೋಕೆ ಬಿಡಲ್ಲ, ಅಷ್ಟೇ. ಗೋಡೆಗೆ ತಾಗಿ ನಿಂತು ‘ಸಿಂಗ್ಯುಲರ್’ ಅಂತ ಹೇಳುತ್ತೆ. ಹಳೇ ಮೈನಸ್ಸೇ ಹೊಸ ಅಂಗಿ ಹಾಕ್ಕೊಂಡು ಬಂದಿದೆ.

ಹಾಗಾದ್ರೆ ಏನು ಮಾಡ್ಬೇಕು? ಮೊದಲು ಎಚ್ಚರಿಕೆ ಯಾವುದು ಅಂತ ಸರಿಯಾಗಿ ಓದಿ. ‘ಕನ್ವರ್ಜ್ ಆಗಿಲ್ಲ’ ಅಂದ್ರೆ ಹುಡುಕಾಟ ಮುಗಿದಿಲ್ಲ ಅನ್ನೋ ಅನುಮಾನ. ಅಂಕಿಗಳನ್ನು ಒಂದೇ ಅಳತೆಗೆ ತನ್ನಿ, ಬೇರೆ ಆಪ್ಟಿಮೈಸರ್‌ಗಳಲ್ಲಿ ಓಡಿಸಿ. ಎಲ್ಲವೂ ಒಂದೇ ಉತ್ತರ ಕೊಟ್ರೆ ಗಾಬರಿ ಬೇಡ. ‘ಸಿಂಗ್ಯುಲರ್’ ಬೇರೆ. ಅಲ್ಲಿ ಹುಡುಕಾಟ ಮುಗಿದಿದೆ, ಡೇಟಾ ಸಾಲ್ತಿಲ್ಲ. ಎಷ್ಟು ಸಲ ಓಡಿಸಿದ್ರೂ ಐದು ಊರು ಐವತ್ತಾಗಲ್ಲ. ಒಂದೋ ಮಾದರಿ ಸರಳ ಮಾಡ್ಬೇಕು, ಇಲ್ಲಾ ಊರು ಹೆಚ್ಚಿಸ್ಬೇಕು, ಇಲ್ಲಾಂದ್ರೆ ಬೇಸಿಯನ್ ದಾರಿಯಲ್ಲಿ ಮೊದಲೇ ಒಂದು ಅಂದಾಜು ಕೊಡಬೇಕು. ಗುಂಪುಗಳು ತೀರಾ ಕಡಿಮೆ ಇದ್ದಾಗ ಆ ಅಂದಾಜೇ ಉತ್ತರವನ್ನು ಎಳೆದಾಡುತ್ತೆ ಅಂತ 2006ರಲ್ಲಿ ಆಂಡ್ರ್ಯೂ ಗೆಲ್ಮನ್ ತೋರಿಸಿದ್ರು, ಹುಷಾರು.

ಬೇಸಿಯನ್ ದಾರಿಗೂ ಅದರದೇ ಎಚ್ಚರಿಕೆ ಇದೆ: ‘ಡೈವರ್ಜೆಂಟ್’. ಊರಿನ ಪಾಲು ಸೊನ್ನೆಗೆ ಹತ್ತಿರ ಬಂದಂತೆ ಲೆಕ್ಕದ ಜಾಗ ಲಾಳಿಕೆಯ ಹಾಗೆ ಕಿರಿದಾಗುತ್ತೆ, ಕಂಪ್ಯೂಟರ್ ಒಳಗೆ ಇಳಿಯಲಾರದೆ ಎಡವುತ್ತೆ. 2003ರಲ್ಲಿ ರ‍್ಯಾಡ್‌ಫರ್ಡ್ ನೀಲ್ ವಿವರಿಸಿದ ಲಾಳಿಕೆ ಇದೇ. ಊರಿನ ವ್ಯತ್ಯಾಸವನ್ನು ‘ಪಾಲಿನ ವರ್ಗಮೂಲ ಗುಣಿಸು ಒಂದು ಸಾದಾ ಅಂಕಿ’ ಅಂತ ಬಿಡಿಸಿ ಬರೆದ್ರೆ ಸಾಮಾನ್ಯವಾಗಿ ದಾರಿ ಸುಗಮ ಆಗುತ್ತೆ.

ಇಷ್ಟೆಲ್ಲಾ ಯಾಕೆ ಮುಖ್ಯ? 2016ರಿಂದ ಇರೋ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರ ಮುಖ್ಯವಾಗಿ ಒಂದು ಪ್ರದೇಶದ ಸರಾಸರಿಯ ಮೇಲೆ ನಿಂತಿದೆ. ಅಂಥ ಕಡೆ ಯಾರಾದ್ರೂ ನನ್ನ ಹಾಗೆ ಸೊನ್ನೆಯನ್ನು ನಂಬಿದ್ರೆ, ಒಣಗಿದ ಊರು ಹಸಿರಾದ ಊರಿನ ಸರಾಸರಿಯೊಳಗೆ ಕರಗಿಹೋಗುತ್ತೆ. ಸೊನ್ನೆ ಅಂದ್ರೆ ‘ವ್ಯತ್ಯಾಸ ಇಲ್ಲ’ ಅಲ್ಲ, ‘ಇಷ್ಟು ಡೇಟಾದಲ್ಲಿ ಕಾಣಿಸ್ತಿಲ್ಲ’ ಅಂತ ಮಾತ್ರ.

ಅಜ್ಜನಿಗೆ ಇದನ್ನೇ ಹೇಳಿದೆ. ‘ಮತ್ತ ಇನ್ನಷ್ಟು ಹೊಲಕ್ಕ ಹೋಗು’ ಅಂದ್ರು. ಈ ಸುಗ್ಗಿಗೆ ನೋಟ್‌ಬುಕ್ ರೆಡಿ ಇದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.