ಈಶಾನ್ಯ ಭಾರತ

ಅಸ್ಸಾಂ, ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ, ತ್ರಿಪುರಾ, ಮೇಘಾಲಯ, ಸಿಕ್ಕಿಂಗಳಿಗೆ ಬಳಸುವ ಒಟ್ಟು ಹೆಸರು. 1971ರ ಕಾಯ್ದೆಯಂತೆ ರಚನೆಯಾದ ಈಶಾನ್ಯ ಮಂಡಳಿಯಿಂದ ಈ ಹೆಸರು ಆಡಳಿತದಲ್ಲಿ ಗಟ್ಟಿಯಾಯಿತು; ಸಿಕ್ಕಿಂ ಮಂಡಳಿಗೆ ಸೇರಿದ್ದು 2002ರಲ್ಲಿ. ಕಡತಕ್ಕೆ ಅನುಕೂಲವಾದ ಈ ಹೆಸರು ಅಲ್ಲಿನ ಜನರ ಬಗ್ಗೆ ಹೇಳುವುದು ತೀರ ಕಡಿಮೆ. ಅಸ್ಸಾಮಿ ಇಂಡೋ-ಆರ್ಯನ್ ಭಾಷೆ, ಬೋಡೊ, ಮಣಿಪುರಿ ಟಿಬೆಟೊ-ಬರ್ಮನ್, ಖಾಸಿ ಆಸ್ಟ್ರೋ-ಏಷ್ಯಾಟಿಕ್. ಖಾಸಿಗಳಲ್ಲಿ ಮಕ್ಕಳಿಗೆ ತಾಯಿಯ ಕುಲದ ಹೆಸರು. ಪೂರ್ವಿಕರ ಮನೆ ಕಿರಿಯ ಮಗಳ ಪಾಲು, ಮುಪ್ಪಿನ ತಂದೆತಾಯಿಯರನ್ನು ನೋಡಿಕೊಳ್ಳುವ ಹೊಣೆಯೂ ಅವಳದೇ. ನಾಗರಲ್ಲಿ ವಂಶ ಸಾಗುವುದು ತಂದೆಯ ಕಡೆಯಿಂದ. ಅಷ್ಟಕ್ಕೂ 'ನಾಗಾ' ಎಂಬುದೇ ಇನ್ನೊಂದು ಒಟ್ಟು ಹೆಸರು: ಆವೊ, ಅಂಗಾಮಿ, ಕೊನ್ಯಾಕರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಸಂತೆಯ ವ್ಯವಹಾರಕ್ಕೆ ಅಸ್ಸಾಮಿಯಿಂದ ಬೆಳೆದ ನಾಗಾಮೀಸ್ ಬಳಕೆಯಲ್ಲಿದೆ. ನಾಗಾಲ್ಯಾಂಡಿನ ಅಧಿಕೃತ ಭಾಷೆ ಇಂಗ್ಲಿಷ್.